ಕಾಸೆಲ್: ಪೂರಕ ರಕ್ಷಣೆ ಮಾತ್ರ ಸಿಕ್ಕಿದೆ, ದಾವೆ ಹೂಡಬಹುದೇ?

ಸಾಗರದವನು, ಕಾಸೆಲ್:
ಗೋದಾಮಿನಲ್ಲಿ ನನ್ನ ಜೊತೆ ಕೆಲಸ ಮಾಡುವ ಹುಡುಗ ಎರಿಟ್ರಿಯಾದವನು, ಕೊನೆಯೇ ಇಲ್ಲದ ಸೈನಿಕ ಸೇವೆಯಿಂದ ತಪ್ಪಿಸಿಕೊಂಡು ಬಂದವನು. ಅವನಿಗೆ ಬಾಂಫ್‌ನಿಂದ, ಅಂದರೆ ಆಶ್ರಯದ ಅರ್ಜಿಗಳನ್ನು ನಿರ್ಧರಿಸುವ ಜರ್ಮನಿಯ ಫೆಡರಲ್ ಕಚೇರಿಯಿಂದ, ಆದೇಶ ಬಂದಿದೆ: ನಿರಾಶ್ರಿತ ಸ್ಥಾನ (ಧರ್ಮ, ರಾಜಕೀಯ ಅಭಿಪ್ರಾಯದಂಥ ಕಾರಣಕ್ಕೆ ಕಿರುಕುಳ ಎದುರಿಸುವವರಿಗೆ ಸಿಗುವುದು) ಇಲ್ಲ, ಪೂರಕ ರಕ್ಷಣೆ (ಅಂಥ ಕಾರಣ ಇಲ್ಲದಿದ್ದರೂ ವಾಪಸಾದರೆ ಗಂಭೀರ ಅಪಾಯ ಇರುವವರಿಗೆ ಸಿಗುವುದು) ಮಾತ್ರ. ಜರ್ಮನಿಯಲ್ಲಿ ಇರಲು ಅನುಮತಿ ಸಿಕ್ಕಿತಲ್ಲ ಎಂದು ಎಲ್ಲರೂ ಕೈಕುಲುಕಿದರು. ಅವನ ಮುಖದಲ್ಲಿ ಮಾತ್ರ ಗೆಲುವಿಲ್ಲ. ಹೆಂಡತಿ ಅಡಿಸ್ ಅಬಾಬಾದ ಬಾಡಿಗೆ ಕೋಣೆಯಲ್ಲಿ ಕಾಯುತ್ತಿದ್ದಾಳೆ. ದಾವೆ ಹೂಡಿದರೆ ಸಿಕ್ಕಿದ್ದೂ ಕೈತಪ್ಪುತ್ತದೆ ಎಂದು ಯಾರೋ ಹೆದರಿಸಿದ್ದಾರೆ. ನಿಜವೇ?

ಗೀಸನ್ ಅಕ್ಕ:
ಸುಳ್ಳು. ನಿರಾಕರಿಸಿದ ಭಾಗವನ್ನಷ್ಟೇ ಪ್ರಶ್ನಿಸಿದರೆ ಕೊಟ್ಟ ರಕ್ಷಣೆ ಹಾಗೆಯೇ ಉಳಿಯುತ್ತದೆ. ಈ ಮಾತು ಹೇಳಿ ಹೆದರಿಸುವವರನ್ನು ಕಂಡರೆ ನನಗೆ ಕೋಪ ಬರುತ್ತದೆ, ಜನ ಗಡುವು ಕಳೆದುಕೊಳ್ಳುವುದೇ ಹೀಗೆ.

ತಮ್ಮಾ, ಆದೇಶ ಬಂದ ಹಳದಿ ಲಕೋಟೆಯನ್ನು ಎಸೆಯಬಾರದೆಂದು ಅವನಿಗೆ ಹೇಳು. ಅಂಚೆಯವರು ಅದರ ಮೇಲೆ ದಿನಾಂಕ ಬರೆದಿರುತ್ತಾರೆ. ಲೆಕ್ಕ ಶುರುವಾಗುವುದು ಆ ದಿನದಿಂದ, ಅವನು ತೆರೆದು ಓದಿದ ದಿನದಿಂದ ಅಲ್ಲ. ಆಡಳಿತ ನ್ಯಾಯಾಲಯದಲ್ಲಿ ದಾವೆ ಹೂಡಲು ಎರಡು ವಾರ, ಕಾರಣಗಳನ್ನು ಬರೆದುಕೊಡಲು ಒಂದು ತಿಂಗಳು. ನ್ಯಾಯಾಲಯದ ಶುಲ್ಕವಿಲ್ಲ. ವಕೀಲರು ತಕ್ಷಣ ಸಿಗದಿದ್ದರೆ ನ್ಯಾಯಾಲಯದಲ್ಲೇ ಹೇಳಿ ಬರೆಸಬಹುದು.

ಹೆಂಡತಿಯ ವಿಷಯಕ್ಕೆ ಇದೇ ಮುಖ್ಯ. ಪೂರಕ ರಕ್ಷಣೆಯವರ ಕುಟುಂಬಕ್ಕೆ 2018ರ ಆಗಸ್ಟ್‌ನಿಂದ ಇಡೀ ದೇಶಕ್ಕೆ ತಿಂಗಳಿಗೆ 1,000 ವೀಸಾ ಎಂಬ ಮಿತಿ ಇತ್ತು. 2025ರ ಜುಲೈನಲ್ಲಿ ಅದನ್ನೂ ಎರಡು ವರ್ಷಕ್ಕೆ ನಿಲ್ಲಿಸಿದರು. ನಿರಾಶ್ರಿತ ಸ್ಥಾನ ಸಿಕ್ಕಿದವರಾದರೆ ಮೂರು ತಿಂಗಳೊಳಗೆ ಅರ್ಜಿ ಹಾಕಿದರೆ ಸಾಕು, ಸಂಬಳ ಮತ್ತು ಮನೆಯ ಪುರಾವೆಯನ್ನೂ ಕೇಳುವುದಿಲ್ಲ.

ಗೆಲ್ಲುವುದು ಸುಲಭ ಎಂದು ಮಾತ್ರ ಹೇಳಲಾರೆ. ನಿರಾಶ್ರಿತ ಸ್ಥಾನಕ್ಕೆ ಸೇವೆ ತಪ್ಪಿಸಿಕೊಂಡೆ ಎಂಬ ಒಂದೇ ಕಾರಣವನ್ನು ನ್ಯಾಯಾಲಯಗಳು ಸಾಮಾನ್ಯವಾಗಿ ಒಪ್ಪುವುದಿಲ್ಲ. ಅವನ ಧರ್ಮ ಯಾವುದು? 2002ರಿಂದ ಎರಿಟ್ರಿಯಾದಲ್ಲಿ ಆರ್ಥೊಡಾಕ್ಸ್, ಕ್ಯಾಥೊಲಿಕ್, ಲುಥೆರನ್, ಸುನ್ನಿ ಇಸ್ಲಾಂ ಬಿಟ್ಟು ಬೇರೆಯವರು ಒಟ್ಟಿಗೆ ಪ್ರಾರ್ಥಿಸಿದರೂ ಬಂಧಿಸುತ್ತಾರೆ.

ಮೈನ್ ದಂಡೆಯಿಂದ:
ಇನ್ನೊಂದು ವಿಷಯ. ಪಾಸ್‌ಪೋರ್ಟ್‌ಗಾಗಿ ಎರಿಟ್ರಿಯಾದ ದೂತಾವಾಸಕ್ಕೆ ಹೋಗಿ ‘ಪಶ್ಚಾತ್ತಾಪ ಪತ್ರ’ಕ್ಕೆ ಸಹಿ ಹಾಕಿ ಬಾ ಎಂದು ಯಾರಾದರೂ ಹೇಳಿದರೆ ಅವನು ಒಪ್ಪಬೇಕಾಗಿಲ್ಲ. ಅಪರಾಧ ಮಾಡಿದ್ದೇನೆ, ಶಿಕ್ಷೆಗೆ ಸಿದ್ಧ ಎಂದು ಬರೆದುಕೊಡುವ ಪತ್ರ ಅದು. ಇಷ್ಟವಿಲ್ಲದವನಿಂದ ಅದನ್ನು ನಿರೀಕ್ಷಿಸುವಂತಿಲ್ಲ ಎಂದು ಫೆಡರಲ್ ಆಡಳಿತ ನ್ಯಾಯಾಲಯ 2022ರ ಅಕ್ಟೋಬರ್ 11ರಂದು ತೀರ್ಪು ಕೊಟ್ಟಿದೆ.

ಸಾಗರದವನು, ಕಾಸೆಲ್:
ಅಕ್ಕಾ, ಅವನು ಪೆಂಟೆಕೋಸ್ಟಲ್ ಕ್ರೈಸ್ತ, ನೀವು ಹೇಳಿದ ನಾಲ್ಕರಲ್ಲಿ ಇಲ್ಲದ ಪಂಥ! ಸಂದರ್ಶನದಲ್ಲಿ ಸೈನ್ಯದ ಬಗ್ಗೆಯೇ ಕೇಳಿದರಂತೆ, ಇವನೂ ಹೇಳಲಿಲ್ಲ. ಈಗ ಹೇಳಬಹುದೇ?

ಗೀಸನ್ ಅಕ್ಕ:
ಹೇಳಲೇಬೇಕು, ಮೊದಲೇ ಏಕೆ ಹೇಳಲಿಲ್ಲ ಎಂಬುದನ್ನೂ ಸೇರಿಸಿ. ನ್ಯಾಯಾಧೀಶರು ಮೊದಲು ಕೇಳುವುದೇ ಅದನ್ನು. ಇಲ್ಲಿ ಅವನು ಹೋಗುವ ಸಭೆಯ ಪಾದ್ರಿಯಿಂದ ಪತ್ರ ತರಲಿ. ಸಂದರ್ಶನದ ದಾಖಲೆಯನ್ನು ಅವನ ಭಾಷೆ ತಿಗ್ರಿನ್ಯಾ ಬಲ್ಲವರ ಜೊತೆ ಕುಳಿತು ಸಾಲು ಸಾಲಾಗಿ ಓದಿಸು, ದುಭಾಷಿ ಬಿಟ್ಟುಹೋದದ್ದು ಇದ್ದರೆ ಅಲ್ಲೇ ಸಿಗುತ್ತದೆ. ಲಕೋಟೆಯ ಮೇಲೆ ಯಾವ ದಿನಾಂಕವಿದೆ? ಇವತ್ತೇ ನೋಡಿ ಹೇಳು.