ಎಕೋದಲ್ಲಿ ಗೋಡೆ ದಪ್ಪ, ಇಂಡೆಕ್ಸ್ ಮಾತ್ರ ನಾರ್ಮಲ್: ಯಾವುದನ್ನು ನಂಬಬೇಕು?

ಬೆಟಗೇರಿಯವ: ಅವ್ವನಿಗೆ ಮೊದಲಿಂದಲೂ ಬಿಪಿ ಇದೆ. ಮೊನ್ನೆ ಹುಬ್ಬಳ್ಳಿಗೆ ಕರ್ಕೊಂಡು ಹೋಗಿ ಎಕೋ (ಹೃದಯದ ಸ್ಕ್ಯಾನ್) ಮಾಡಿಸಿದೆವು. ನಡುವಿನ ಗೋಡೆ 11 ಮಿ.ಮೀ., ಹಿಂದಿನದು 11, ಎಡ ಕೋಣೆಯ ಅಗಲ 44. ಹೆಂಗಸರಿಗೆ ಗೋಡೆ 9ರ ತನಕ ನಾರ್ಮಲ್ ಅಂತ ಪಕ್ಕದಲ್ಲೇ ಅಚ್ಚಾಗಿದೆ. ಕೆಳಗೆ ನೋಡಿದರೆ ಹೃದಯದ ಸ್ನಾಯುವಿನ ತೂಕ 169 ಗ್ರಾಂ, ಇಂಡೆಕ್ಸ್ 90, ನಾರ್ಮಲ್! ಅವ್ವನ ಎತ್ತರ 150 ಸೆಂ.ಮೀ., ತೂಕ 84 ಕೆಜಿ. ಡಾಕ್ಟ್ರು ಸೋಮವಾರ ಸಿಗ್ತಾರೆ, ಅಷ್ಟರಲ್ಲಿ ಯಾರಾದರೂ ತಿಳಿಸಿ ಹೇಳ್ರಿ.

ಎಕೋ ಕೆಲಸ, ಧಾರವಾಡ: ದೊಡ್ಡ ಮೈಯವರ ಹೃದಯವೂ ದೊಡ್ಡದೇ ಇರುತ್ತದೆ ಅಲ್ವಾ, ಅದಕ್ಕೆ ಸ್ನಾಯುವಿನ ತೂಕವನ್ನು ಮೈಯ ವಿಸ್ತೀರ್ಣದಿಂದ ಭಾಗಿಸುತ್ತಾರೆ. ಈ ವಿಸ್ತೀರ್ಣ ಎತ್ತರ, ತೂಕ ಎರಡರಿಂದಲೂ ಬರುತ್ತದೆ. ನಿಮ್ಮ ಅವ್ವನವರದು 1.87 ಚದರ ಮೀಟರ್. 169ನ್ನು ಅದರಿಂದ ಭಾಗಿಸಿದರೆ 90. ಹೆಂಗಸರಿಗೆ ಮಿತಿ 95, ಗಂಡಸರಿಗೆ 115. ಹಾಗಾಗಿ ಮಷೀನು ನಾರ್ಮಲ್ ಅಂದಿದೆ.

ತೊಂದರೆ ಇರೋದು ಆ 84 ಕೆಜಿಯಲ್ಲಿ. ಬೊಜ್ಜು ಜಾಸ್ತಿ ಆದಷ್ಟೂ ಭಾಗಿಸುವ ಸಂಖ್ಯೆ ದೊಡ್ಡದಾಗಿ, ದಪ್ಪ ಆದ ಸ್ನಾಯು ಅದರಲ್ಲಿ ಮುಚ್ಚಿಹೋಗುತ್ತದೆ. ಇಂಥವರಿಗೆ ಎತ್ತರ ಒಂದನ್ನೇ ಹಿಡಿದು ನೋಡುವ ಲೆಕ್ಕ ಇದೆ: ಮೀಟರಿನಲ್ಲಿ ಎತ್ತರ, ಅದರ 2.7ನೇ ಘಾತ. ಒಂದೂವರೆ ಮೀಟರಿಗೆ ಅದು 2.99. ಈಗ 169ನ್ನು ಇದರಿಂದ ಭಾಗಿಸಿ, 56 ದಾಟುತ್ತದೆ. ಹೆಂಗಸರಿಗೆ ಇಲ್ಲಿ ಮಿತಿ 44 (ಗಂಡಸರಿಗೆ 48). ಜೊತೆಗೆ ಹಿಂದಿನ ಗೋಡೆಯ ಎರಡು ಪಟ್ಟನ್ನು ಕೋಣೆಯ ಅಗಲದಿಂದ ಭಾಗಿಸಿದರೆ 0.5. ಅದು 0.42 ದಾಟಿದರೆ ಕೋಣೆ ಹಿಗ್ಗದೆ ಗೋಡೆ ಮಾತ್ರ ದಪ್ಪ ಆಗಿದೆ ಅಂತ ಅರ್ಥ. ಬಿಪಿ ಇದ್ದವರಲ್ಲಿ ಇದನ್ನು ತುಂಬಾ ನೋಡ್ತೀವಿ. ಆ ನಾರ್ಮಲ್ ನೋಡಿ ಸುಮ್ನೆ ಕೂರಬೇಡಿ.

ರಾಣೆಬೆನ್ನೂರು: ಮೊದಲು ಅಳತೆ ಸರಿ ಇದೆಯಾ ಕೇಳ್ರಿ. ಸ್ನಾಯುವಿನ ತೂಕ ತೆಗೆಯುವ ಸೂತ್ರದಲ್ಲಿ ಗೋಡೆ, ಕೋಣೆಯ ಅಳತೆಗಳನ್ನು ಕೂಡಿಸಿ ಘನ ಮಾಡ್ತಾರೆ, ಸಣ್ಣ ತಪ್ಪೂ ದೊಡ್ಡದಾಗುತ್ತದೆ. ಎರಡೂ ಗೋಡೆ 10 ಅಂತ ಓದಿದ್ದರೆ 148 ಗ್ರಾಂ ಬರ್ತಿತ್ತು, ಅಂದರೆ 21 ಗ್ರಾಂ ಕಡಿಮೆ. ಎತ್ತರ, ತೂಕ ಅಲ್ಲೇ ಅಳೆದರಾ?

ಬೆಟಗೇರಿಯವ: ಇಲ್ಲ, ಬಾಯಲ್ಲೇ ಕೇಳಿ ಬರೆದುಕೊಂಡರು.

ಎಕೋ ಕೆಲಸ, ಧಾರವಾಡ: ಹಾಗಾದರೆ ಚಪ್ಪಲಿ ಬಿಡಿಸಿ, ಗೋಡೆಗೆ ಒರಗಿ ನಿಲ್ಲಿಸಿ ಎತ್ತರ ಅಳೆಯಿರಿ. ಸ್ನಾಯುವಿನ ತೂಕ 148 ಗ್ರಾಂ ಅಂತಲೇ ಹಿಡಿದರೂ, ಎತ್ತರ 150 ಇದ್ದರೆ ಎತ್ತರದ ಲೆಕ್ಕದಲ್ಲಿ 49 ಬರುತ್ತದೆ, ಮಿತಿಗಿಂತ ಮೇಲೇ. ಸೋಮವಾರದ ತನಕ ಬೆಳಿಗ್ಗೆ ಸಂಜೆ ಬಿಪಿ ನೋಡಿ ಬರೆದಿಡಿ, ರಿಪೋರ್ಟ್ ಜೊತೆ ಆ ಚೀಟಿಯನ್ನೂ ತೋರಿಸಿ. ಬಿಪಿ ಹಿಡಿತಕ್ಕೆ ಬಂದರೆ ಈ ದಪ್ಪ ನಿಧಾನಕ್ಕೆ ಇಳಿಯಬಹುದು. ಗುಳಿಗೆ ಮಾತ್ರ ನೀವಾಗಿಯೇ ಹೆಚ್ಚುಕಡಿಮೆ ಮಾಡಬೇಡಿ.