ಸಿಟ್ಟು ಬಿಡಲು ಡೈರಿನಾ, ವಿಪಸ್ಸನ ಧ್ಯಾನವಾ, ಕೌನ್ಸೆಲಿಂಗಾ? ಮಾಡಿದವರು ಹೇಳಿ

ಕುವೆಂಪುನಗರ, ಮೈಸೂರು: ಮಗನ ಮೇಲೆ ವಿಪರೀತ ರೇಗುತ್ತೇನೆ. ನನ್ನನ್ನು ನಾನೇ ನೋಡಿಕೊಂಡು ಬದಲಾಗಬೇಕು ಅಂತ ಆಸೆ. ಪಾಳಿ ಕೆಲಸ, ಸಮಯ ಕಡಿಮೆ. ಯಾವುದು ಒಳ್ಳೆಯದು?

ಸರಸ್ವತಿಪುರಂ: ಡೈರಿ ಬರೆಯಿರಿ. ಆದರೆ ಬೀಗ ಹಾಕಿಡಿ. ನನ್ನ ಡೈರಿಯನ್ನು ನಾದಿನಿ ಓದಿದರು. ಅತ್ತೆಯ ಬಗ್ಗೆ ಬರೆದ ಪುಟದ ಫೋಟೊ ಮನೆಯವರ ವಾಟ್ಸಾಪ್ ಗುಂಪಿಗೆ ಹೋಯಿತು. ಆ ದೀಪಾವಳಿಗೆ ಯಾರೂ ನಮ್ಮ ಮನೆಗೆ ಬರಲಿಲ್ಲ. ಕಬ್ಬಿಣದ ಪೆಟ್ಟಿಗೆಗೆ 1,850 ರೂಪಾಯಿ, ಬೀಗಕ್ಕೆ ಬೇರೆ 240. ಆದರೂ ಬರೆಯುವುದು ಬಿಟ್ಟಿಲ್ಲ, ಬಿಡುವುದೂ ಇಲ್ಲ. ಹಳೆಯ ಪುಟ ತಿರುವಿದಾಗಲೇ ಗೊತ್ತಾಗಿದ್ದು, ನನ್ನ ಸಿಟ್ಟೆಲ್ಲ ಸಂಜೆ ಹೊಟ್ಟೆ ಹಸಿದ ಹೊತ್ತಿನದು ಅಂತ. ಈಗ ಆಫೀಸಿಂದ ಬಂದ ತಕ್ಷಣ ಮೊದಲು ಏನಾದರೂ ತಿನ್ನುತ್ತೇನೆ. ಬರೆದರೆ ಸಾಲದು, ಓದಬೇಕು.

ಮದ್ದೂರು: ಡೈರಿ ಅಂದರೆ ಗಾಯ ಕೆರೆದುಕೊಳ್ಳುವುದು, ಅಷ್ಟೇ. ವಿಪಸ್ಸನ ಶಿಬಿರಕ್ಕೆ ಹೋಗಿ. 10 ದಿನ ಮೌನ, ಬೆಳಗಿನ ಜಾವ 4ಕ್ಕೆ ಗಂಟೆ, ಫೋನು ಪೆನ್ನು ಎರಡೂ ಒಪ್ಪಿಸಬೇಕು. ಶುಲ್ಕ ಇಲ್ಲ, ಮುಗಿದ ಮೇಲೆ ಇಷ್ಟವಿದ್ದರೆ ದಾನ. ಆದರೆ ನನಗೆ ಬಿದ್ದ ಹೊಡೆತ ಕೇಳಿ. ಕಬ್ಬು ಕಟಾವಿಗೆ ಆಳುಗಳ ಗುಂಪು ಕರೆತರುವ ಮೇಸ್ತ್ರಿಗೆ 18,000 ಮುಂಗಡ ಕೊಟ್ಟು ಹೋಗಿದ್ದೆ. ಅವನು ಗುಂಪನ್ನೇ ಬೇರೆಯವರ ಗದ್ದೆಗೆ ಹೊರಡಿಸಿದ. ಕಬ್ಬು ಒಣಗಿ ತೂಕ ಇಳಿಯಿತು. ಜೊತೆಗೆ ಕೂತು ಕೂತು ಬಂದ ಮಂಡಿ ನೋವಿನ ಮಾತ್ರೆಗೆ 600. ಅವನು ಎದುರಿಗೆ ಸಿಕ್ಕಾಗ ಎದೆ ಬಿಸಿಯಾಗಿದ್ದು ಬಾಯಿ ತೆರೆಯುವ ಮುಂಚೆಯೇ ತಿಳಿಯಿತು. ಸುಮ್ಮನಾದೆ. ಆ ಒಂದು ಕ್ಷಣ ಸಿಕ್ಕಿದ್ದು ನನಗೆ ಹೆಮ್ಮೆ.

ಸರಸ್ವತಿಪುರಂ: ಗಾಯ ಕೆರೆಯುವುದು ಅಂದಿರಲ್ಲ, ಬೇಜಾರಾಯಿತು. 1986ರಲ್ಲೇ ಅಮೆರಿಕದ ಮನಃಶಾಸ್ತ್ರಜ್ಞ ಜೇಮ್ಸ್ ಪೆನ್ನೆಬೇಕರ್ ವಿದ್ಯಾರ್ಥಿಗಳಿಂದ ದಿನಕ್ಕೆ 15 ನಿಮಿಷದಂತೆ 4 ದಿನ ಬರೆಸಿ ನೋಡಿದ್ದಾರೆ. ನೋವಿನ ಸಂಗತಿಯನ್ನು ಭಾವನೆ ಸಮೇತ ಬರೆದವರು ಮುಂದಿನ 6 ತಿಂಗಳು ಆರೋಗ್ಯ ಕೇಂದ್ರಕ್ಕೆ ಹೋಗಿದ್ದು ಕಡಿಮೆ.

ವಿಜಯನಗರ: ಅದೇ ಪ್ರಯೋಗದಲ್ಲಿ ಬರೆದ ತಕ್ಷಣ ಅವರ ಮನಸ್ಸು ಇನ್ನೂ ಕುಗ್ಗಿತ್ತು. ಅದನ್ನು ಯಾಕೆ ಬಿಟ್ಟಿರಿ? ನಾನು ಒಬ್ಬಳೇ ಕೂತು ಯೋಚಿಸಿದರೆ ತಿರುಗಿ ತಿರುಗಿ ಅದೇ ಜಾಗಕ್ಕೆ ಬರುತ್ತೇನೆ. ಅದಕ್ಕೇ ಕೌನ್ಸೆಲಿಂಗ್. ಒಂದು ಸಲಕ್ಕೆ 1,200, ಆಟೊ 180, ಅರ್ಧ ದಿನದ ಸಂಬಳ ಕಟ್. ಮೊದಲಿನವರು ನಾನು ಅಳುವಾಗಲೇ ಫೋನ್ ಎತ್ತಿದರು. ಮುಂಗಡ ಕಟ್ಟಿದ್ದ 4,800 ಇವತ್ತಿಗೂ ವಾಪಸ್ ಬಂದಿಲ್ಲ. ಎರಡನೆಯವರು, 'ಯಾಕೆ ಅನ್ನೋದು ಆಮೇಲೆ, ಏನಾಯಿತು ಅಂತ ಮೊದಲು ಹೇಳಿ' ಅಂದರು. ಬದಲಾಗಿದ್ದು ಅಲ್ಲಿಂದ. ದುಡ್ಡಿಲ್ಲದಿದ್ದರೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ ಇದೆ. 14416, ಉಚಿತ, ಕನ್ನಡದಲ್ಲೇ ಮಾತಾಡಬಹುದು.

ಒಂಟಿಕೊಪ್ಪಲು: ಇಷ್ಟೆಲ್ಲ ಯಾಕೆ? ಫೋನ್ ಮನೆಯಲ್ಲಿಟ್ಟು ಕುಕ್ಕರಹಳ್ಳಿ ಕೆರೆ ಸುತ್ತಿ. ನಾನು ಕುಡಿತ ಬಿಟ್ಟಿದ್ದೇ ಅಲ್ಲಿ.

ವಿಜಯನಗರ: ಅಲ್ಲಿ ಬೆಳಿಗ್ಗೆ ಗುಂಪು ಗುಂಪಾಗಿ ರಾಜಕೀಯ ಮಾತಾಡುತ್ತಾರೆ. ಯೋಚನೆ ಎಲ್ಲಿಂದ ಬರಬೇಕು?

ಒಂಟಿಕೊಪ್ಪಲು: ಆರಕ್ಕೆ ಮುಂಚೆ ಬನ್ನಿ. ಹೊತ್ತೇರಿದ ಮೇಲೆ ಬಂದು ಕೆರೆಯನ್ನು ದೂರಬೇಡಿ.

ಪಾಂಡವಪುರ: ಮದ್ದೂರಿನವರೇ, ಕಟಾವಿನ ಹೊತ್ತಲ್ಲಿ ಯಜಮಾನ ಗದ್ದೆ ಬಿಟ್ಟು ಹೋದರೆ ಗುಂಪು ಯಾಕೆ ನಿಲ್ಲಬೇಕು? ಬಳ್ಳಾರಿ ಕಡೆಯಿಂದ ಮಕ್ಕಳುಮರಿ ಕಟ್ಟಿಕೊಂಡು ಬಂದವರಿಗೆ ದಿನ ಕೂಲಿ ಬೇಡವಾ? ನನ್ನ ಅಣ್ಣನೂ ಮೇಸ್ತ್ರಿ.

ಮದ್ದೂರು: ಹಾಗಾದರೆ ನನ್ನ 18,000 ವಾಪಸ್ ಕೊಡಿಸಿ, ಆಮೇಲೆ ಮಾತಾಡೋಣ.