ಕರಿ ನಾಯಿ ಫೋಟೊದಾಗ ಬರೀ ಕಪ್ಪು ಮುದ್ದೆ ಕಾಣ್ತದ, ಏನ್ ಮಾಡ್ಬೇಕು?

ಪ್ರಶ್ನೆ, ರಾಯಚೂರು:
ಕರಿ ಲ್ಯಾಬ್ರಡಾರ್. ಟ್ಯೂಬ್‌ಲೈಟ್ ಕೆಳಗ ಶಟರ್ 1/60 ಸೆಕೆಂಡಿಗೆ ಇಟ್ಟು ತೆಗೆದ್ರ ಮಾರಿ ಅಲುಗಾಡಿ ಬರ್ತದ, ಕಣ್ಣು ಕಾಣಂಗಿಲ್ಲ. 50 ಎಂಎಂ ಎಫ್1.8 ಲೆನ್ಸ್ ಅದ. ಹೊರಗ ಯಾವ ಹೊತ್ತು ಛಲೋ?

ಉತ್ತರ, ಬಳ್ಳಾರಿ:
ಟ್ಯೂಬ್‌ಲೈಟ್ ಬಂದ್ ಮಾಡ್ರಿ. ಬಾಗಿಲಿನಿಂದ ಮೂರು ಅಡಿ ಒಳಗ, ನೆರಳಿನಾಗ ಕೂಡಿಸಿ ಮಾರಿ ಬೆಳಕಿನ ಕಡೆ ತಿರುಗಿಸ್ರಿ. ಬಾಗಿಲಿನ ಚೌಕ ಕಣ್ಣಾಗ ಸಣ್ಣ ಬಿಳಿ ಚುಕ್ಕಿಯಾಗಿ ಹೊಳೀಬೇಕು; ಅದಿಲ್ಲಂದ್ರ ಕರಿ ಮಾರಿಗೆ ಕಳೆನೇ ಇಲ್ಲ. ಶಟರ್ 1/250 ಸೆಕೆಂಡ್, ಎಫ್2.8 (ಲೆನ್ಸ್ ಬಾಯಿ ಅಳತೆ; ಅಂಕಿ ಸಣ್ಣದಾದಷ್ಟು ಬಾಯಿ ದೊಡ್ಡದು), ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) 1600ರಿಂದ 3200. ಎಫ್1.8ರಾಗ ಹತ್ತಿರದಿಂದ ತೆಗೆದ್ರ ಮೂಗು ಚೊಕ್ಕ ಬಂದು ಕಣ್ಣು ಮಸುಕಾಗ್ತಾವ. ನೇರ ಫ್ಲ್ಯಾಶ್ ಬ್ಯಾಡ್ರಿ.

ಉತ್ತರ, ಗಂಗಾವತಿ:
ಕರಿ ಮೈ ಫ್ರೇಮ್ ತುಂಬಿದ್ರ ಕ್ಯಾಮೆರಾದಾಗಿನ ಬೆಳಕು ಅಳೆಯೋ ಮೀಟರ್ ಅದನ್ನ ಬೂದು ಮಾಡ್ತದ, ಎಕ್ಸ್‌ಪೋಶರ್ ಕಾಂಪನ್ಸೇಶನ್ (ಫೋಟೊದ ಬೆಳಕು ಹೆಚ್ಚು-ಕಡಿಮಿ ಮಾಡೋದು) −0.7 ಇಡ್ರಿ. ಹಿಂದ ಬಿಳಿ ಗೋಡೆ ಇದ್ರ ಉಲ್ಟಾ, +1. ಹೊರಗ ಮುಂಜಾನೆ ಏಳರ ಸುಮಾರಿಗೆ. ಓಡೋ ನಾಯಿಗೆ 1/1000, ಕಂಟಿನ್ಯೂಯಸ್ ಫೋಕಸ್ (ನಾಯಿ ಸರಿದಂಗ ತಾನೂ ಹಿಂಬಾಲಿಸೋ ಫೋಕಸ್). ಆನೆಗೊಂದಿ ಬಂಡೆ ಮ್ಯಾಲೆ ಮಧ್ಯಾಹ್ನ ನಿಲ್ಲಿಸಲೇಬ್ಯಾಡ್ರಿ, ಪಾದ ಸುಡ್ತಾವ. ಅಂಗೈ ಹಿಂಬದಿ 7 ಸೆಕೆಂಡ್ ಕಲ್ಲಿಗೆ ಇಟ್ಟು ನೋಡ್ರಿ, ತಡೀಲಿಕ್ಕೆ ಆಗದಿದ್ರ ನಾಯಿಗೂ ಆಗಂಗಿಲ್ಲ.

ಪ್ರಶ್ನೆ ಕೇಳಿದವರು:
ಕ್ಯಾಮೆರಾ ಎತ್ತಿದ ಕೂಡ್ಲೆ ಮಾರಿ ತಿರುಗಿಸ್ತದಲ್ರಿ?

ಉತ್ತರ, ಬಳ್ಳಾರಿ:
ನೆಲಕ್ಕ ಕೂತು ಅದರ ಕಣ್ಣಿನ ಮಟ್ಟಕ್ಕ ಬರ್ರಿ. ಬಿಸ್ಕೀಟು ಲೆನ್ಸ್ ಮ್ಯಾಲೆ ಹಿಡದು, ಮೂರ್ನಾಲ್ಕು ಫೋಟೊ ಆದಮ್ಯಾಲೆ ಕೊಡ್ರಿ.